ಕಾಂಬಳೆ ಮಾಮಾನ ಗಿಟಾರು ಹರಾಜಿಗೆ ಬಂದದ್ದು

ಪಕ್ಕದ ಮನೆಯವರು ಹೊಸ ಬಾಗಿಲು ಕೂಡಿಸಿದ್ದಾರೆ. ಇವತ್ತು ಬೆಳಿಗ್ಗೆ ಪೇಂಟರ್ ಬಂದು ಅದಕ್ಕೆ ವಾರ್ನಿಶ್ ಹೊಡೆಯುತ್ತಿದ್ದ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ನನಗೆ ಆ ವಾಸನೆ ಬಡಿದದ್ದೇ ತಡ, ಕಪ್ಪು ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ನನ್ನ ಹೆಂಡತಿ ಕಿಡಕಿ ಮುಚ್ಚುತ್ತ, "ಯಾಕ್ರಿ, ಗಿಟಾರ ನೆನಪಾತೇನು?" ಎಂದು ನಕ್ಕಳು. ಹದಿನೈದು ವರ್ಷಗಳ ಹಿಂದಿನ ಮಾತು. ಈಗಲೂ ಆ ವಾಸನೆಗೆ ನನ್ನ ಕಿವಿ ಬಿಸಿಯಾಗುತ್ತವೆ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಕಂಡದ್ದನ್ನೆಲ್ಲ ಬಿಚ್ಚಿ ನೋಡುವ ಚಟ ನನಗೆ. ಮಾವ ಕೊಟ್ಟ ಗೋಡೆ ಗಡಿಯಾರ ಮದುವೆಯಾದ ತಿಂಗಳೊಳಗೇ ನನ್ನ ಕೈಗೆ ಸಿಕ್ಕು ನಿಂತಿತು. ಮನೆಯ ಮಿಕ್ಸರಂತೂ ನಾನು ರಿಪೇರಿ ಮಾಡಿದ ಮೇಲೆ ತಿರುಗುತ್ತಿತ್ತು, ರುಬ್ಬುತ್ತಿರಲಿಲ್ಲ. "ನಿಮ್ಮ ಕೈಗೆ ಏನ್ ಸಿಕ್ಕರೂ ಅದರ ಗತಿ ಮುಗೀತು" ಎಂಬುದು ಮನೆಯಲ್ಲಿ ನನ್ನ ಬಗ್ಗೆ ಆಗಾಗ ಬರುತ್ತಿದ್ದ ಮಾತು. ಆ ಮಾತಿಗೆ ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ. ಗಿಟಾರಿನ ಪ್ರಕರಣದ ನಂತರ ಮಾಡಿಕೊಳ್ಳುವುದನ್ನು ಬಿಟ್ಟೆ.

ನೌಕರಿಯ ಮೊದಲ ಹತ್ತು ವರ್ಷ ನಾನು ರಾಯಬಾಗದಲ್ಲಿದ್ದೆ. ಬಾಡಿಗೆ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಕಾಂಬಳೆ ಮಾಮಾಂದು. ರೇಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟಾಯರ್ ಆದವರು. ಹಗಲೂ ರಾತ್ರಿ ಗಾಡಿಗಳಿಗೆ ಹಳಿ ಬದಲಿಸಿ ಕೊಟ್ಟ ದಪ್ಪ ಕೈಗಳು. ಅಂಥ ಕೈಗಳಿಂದ ಮನುಷ್ಯ ಗಿಟಾರು ಬಾರಿಸುತ್ತಿದ್ದರು! ನಿಲ್ಲಿಸಿಕೊಂಡಲ್ಲ, ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ಗುಂಡುಕಡ್ಡಿ ಹಿಡಿದು ತಂತಿಯ ಮೇಲೆ ಜಾರಿಸುತ್ತ. ಆ ಗಿಟಾರು ಅವರಿಗೆ ಬಂದದ್ದು ಒಬ್ಬ ಗಾರ್ಡ್ ಸಾಹೇಬರಿಂದ. ಸಾಹೇಬರು ನೌಕರಿ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಾಗ ಸಾಮಾನು ಹೆಚ್ಚಾಯಿತೆಂದು, ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹುಡುಗ ಕಾಂಬಳೆಯ ಕೈಗೆ ಕೊಟ್ಟು ಹೋದರಂತೆ. ಮುಂದೆ ನಲವತ್ತು ವರ್ಷ ಮಾಮಾ ಭಜನಿ ಮಂಡಳದ ಜೊತೆ ಭೀಮಗೀತೆಗಳಿಗೆ ಅದನ್ನೇ ಬಾರಿಸಿದರು. ಜುಗೂಳ, ಕಾಗವಾಡ, ಅಥಣಿ, ಎಲ್ಲಿ ಭೀಮ ಜಯಂತಿಯೋ ಅಲ್ಲಿ ಮಾಮಾ. ಬಲಗೈ ಊರಿ ಊರಿ ಗಿಟಾರಿನ ಅಂಚಿನಲ್ಲಿ ಬಣ್ಣ ಹೋಗಿ ಒಳಗಿನ ಕಟ್ಟಿಗೆ ಕಾಣುತ್ತಿತ್ತು.

ಚಿಕ್ಕೋಡಿಗೆ ವರ್ಗವಾದ ಮೇಲೂ ನಾನು ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಒಂದು ಸಲ ಸುಮ್ಮನೆ ಕೂಡಲಾರದೆ ಗಿಟಾರಿನ ಹೊಟ್ಟೆಯ ತೂತಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಒಳಗೆ ಹಳದಿಯಾದ ಒಂದು ಚೀಟಿ. ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, ಅಮೇರಿಕಾದ ಒಂದು ಊರು, ಒಂದು ನಂಬರು. ಅದನ್ನು ಬಸ್ ಟಿಕೀಟಿನ ಹಿಂದೆ ಬರೆದುಕೊಂಡು ಬಂದು, ಬಸ್ ಸ್ಟ್ಯಾಂಡ್ ಎದುರಿಗಿದ್ದ ಇರ್ಫಾನನ ಸೈಬರ್ ಕೆಫೆಯಲ್ಲಿ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಪರದೆಯ ಮೇಲೆ ತೆರೆದುಕೊಂಡದ್ದು ಹಳೆಯ ಗಿಟಾರುಗಳ ಹರಾಜು!

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಶಾಲೆ ಬಿಟ್ಟ ಕೂಡಲೇ ಸೈಬರು. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಎಲ್ಲೋ ಒಬ್ಬ ತನ್ನ ಅಜ್ಜನ ಗಿಟಾರಿನ ಫೋಟೋ ಹಾಕಿ ಏಳು ದಿನದ ಗಡುವು ಕೊಡುತ್ತಾನೆ. ಇನ್ನೆಲ್ಲೋ ಇರುವ ಜನ ಒಬ್ಬರ ಮೇಲೊಬ್ಬರು ಬೆಲೆ ಕೂಗಿ ಸವಾಲು ಏರಿಸುತ್ತಾರೆ. ಮುಖವಿಲ್ಲ, ದನಿಯಿಲ್ಲ. ನಿಪ್ಪಾಣಿಯ ತಂಬಾಕಿನ ಸವಾಲು ನೋಡಿ ಬೆಳೆದ ನನಗೆ ಇದು ದೊಡ್ಡ ಸೋಜಿಗ. ಇವರೆಲ್ಲ ಯಾರು? ಮನೆಯಲ್ಲಿ ಇವರ ಹೆಂಡಂದಿರು ಏನೂ ಅನ್ನುವುದಿಲ್ಲವೇ? ಅದಕ್ಕಿಂತ ಸೋಜಿಗವೆಂದರೆ ಮಾರುವವರು ಗೀರು, ಬಿರುಕು, ಬಣ್ಣ ಹೋದ ಜಾಗಗಳನ್ನೆಲ್ಲ ಹತ್ತಿರದಿಂದ ಫೋಟೋ ತೆಗೆದು ಹಾಕುತ್ತಿದ್ದರು. ಪಾಪ, ಎಂಥ ಪ್ರಾಮಾಣಿಕ ಜನ, ಐಬನ್ನೂ ಮುಚ್ಚಿಡುವುದಿಲ್ಲ ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಅದೇ ಹೊತ್ತಿಗೆ ಮಾಮಾಗೆ ಕಿವಿ ಪೂರಾ ಹೋಗುತ್ತ ಬಂದಿತ್ತು. ಇಂಜಿನ್ನುಗಳ ಮಗ್ಗುಲಲ್ಲಿ ಆಯುಷ್ಯ ಕಳೆದದ್ದಕ್ಕೋ ಏನೋ, ಎದುರಿಗೆ ಕೂತು ಕೂಗಿದರೂ ಅರ್ಧಂಬರ್ಧ. ಗಿಟಾರು ಮೊಳೆಗೆ ತೂಗುಹಾಕಿ ವರ್ಷವಾಗಿತ್ತು. ನಾನು ಹರಾಜಿನ ಕಥೆಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಹಂಗಾರ ಮಾರಿಬಿಡ್ರಿ ಮಾಸ್ತರ" ಅಂದರು. "ಮಗಳು ಕೂಸಿನ್ನ ಕರ್ಕೊಂಡು ನಮ್ಮ ಕಡೇನೇ ಬಂದಾಳ. ಮೊಮ್ಮಗಳು ಮಾತಾಡಾಕ ಹತ್ಯಾಳ. ದಿನಾ ನನ್ನ ಮುಂದ ಕುಂತು ಏನೋ ಹೇಳ್ತೈತಿ ಕೂಸು, ತುಟಿ ಅಷ್ಟ ಕಾಣ್ತಾವು. ಮಿರಜಿನ್ಯಾಗ ಕಿವಿಗೆ ಹಾಕೂ ಚಲೋ ಮಷೀನ್ ಸಿಗ್ತೈತಂತ, ಭಾಳ ದುಬಾರಿ. ಗಿಟಾರ ಕೊಟ್ಟು ಕಿವಿ ತಗೋತೀನಿ. ಅಕೀ ತೊದಲೋದು ಮುಗಿಯೂದ್ರಾಗ ಒಮ್ಮೆ ಕೇಳ್ಬೇಕ್ರಿ."

ಗಿಟಾರು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಚಿಕ್ಕೋಡಿಗೆ ಬಂತು. ಇರ್ಫಾನ ತನ್ನ ಕ್ಯಾಮೆರಾದಿಂದ ಫೋಟೋ ತೆಗೆದ. ಧೂಳು, ಗೀರು, ಬಣ್ಣ ಹೋದ ಅಂಚು, ಎಲ್ಲ ಇದ್ದ ಹಾಗೇ ಹಾಕಿದೆವು. ಮೊದಲ ದಿನ ಎರಡು ಸವಾಲು. ಎರಡನೇ ದಿನ ಏಳು. ನಾಲ್ಕನೇ ದಿನ ಸಂಜೆ ಇರ್ಫಾನ ಡಾಲರಿನ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ, "ಸರ್, ಇದು ನಿಮ್ಮ ಅರ್ಧಾ ವರ್ಷದ ಪಗಾರ!" ಎಂದು ಎದ್ದು ನಿಂತ. ನನಗೆ ತಡೆದುಕೊಳ್ಳಲಾಗಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ ಮಾಮಾನ ಮಗಳಿಗೆ ಫೋನು ಮಾಡಿ ಮೊತ್ತ ಹೇಳಿಬಿಟ್ಟೆ. ಮರುದಿನವೇ ಮಾಮಾ ಮಿರಜಿಗೆ ಹೋಗಿ ಕಿವಿಯ ಅಳತೆ ಕೊಟ್ಟು ಬಂದರಂತೆ.

ಈಗ ನನ್ನ ಘನಕಾರ್ಯ ಕೇಳಿ. ನಾನು ಒಕ್ಕಲುತನದ ಮನೆಯವನು. ದನದ ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ಮುನ್ನ ನಮ್ಮಪ್ಪ ಏನು ಮಾಡುತ್ತಿದ್ದ? ಮೈ ತೊಳೆದು, ಕೋಡು ಹೆರೆಸಿ, ಬಣ್ಣ ಬಳಿದು, ಎಣ್ಣೆ ಸವರಿ ಮಿರಮಿರ ಮಿಂಚಿಸುತ್ತಿದ್ದ. ಹೊಲಸು ಮೈಯ ಎತ್ತನ್ನು ಸಂತೆಗೆ ತಂದವನಿಗೆ ಮರ್ಯಾದೆಯೇ ಇಲ್ಲ. ನಾನು ಯೋಚಿಸಿದೆ: ಹಿಂಗ ಹೊಲಸಿದ್ದಾಗಲೇ ಇಷ್ಟು ಸವಾಲು ಬಂದರೆ, ತೊಳೆದು ಮಿಂಚಿಸಿದರೆ ಎಷ್ಟು ಬಂದೀತು! ಇನ್ನೂ ಮೂರು ದಿನ ಇತ್ತು. ಮಾಮಾನನ್ನು ಕೇಳಲಿಲ್ಲ, ಇರ್ಫಾನನನ್ನು ಕೇಳಲಿಲ್ಲ. ಕಬ್ಬಿನ ಟ್ರಾಲಿಗಳಿಗೆ ಬಣ್ಣ ಹೊಡೆಯುವ ಪೇಂಟರನ ಹತ್ತಿರ ಒಯ್ದೆ. ಅವನು ಪಾಲಿಶ್ ಪೇಪರಿನಿಂದ ಗಸಗಸ ತಿಕ್ಕಿ ಹಳೆಯ ಬಣ್ಣವನ್ನೆಲ್ಲ ಕಿತ್ತ. ಮೂರು ಕೈ ವಾರ್ನಿಶ್ ಹೊಡೆದ. ಮಾಸ್ತರರ ಕೆಲಸವೆಂದು ಮೂಲೆಗೊಂದು ಗುಲಾಬಿ ಹೂವನ್ನು ಪುಕ್ಕಟೆ ಬರೆದುಕೊಟ್ಟ. ಒಣಗಿದ ಮೇಲೆ ನೋಡಿದರೆ ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಖುಷಿಯಿಂದ ಹಲ್ಲು ಕಿರಿಯುತ್ತಿದ್ದ ಮುಖ.

ಆರನೇ ದಿನ ಹೊಸ ಫೋಟೋ ಹಾಕಿದೆವು. ಕೆಳಗೆ ನಾನೇ ಇಂಗ್ಲಿಷಿನಲ್ಲಿ ಬರೆದೆ, ಈಗಷ್ಟೇ ಹೊಸ ವಾರ್ನಿಶ್ ಮಾಡಿಸಲಾಗಿದೆ ಎಂದು. ಒಂದು ತಾಸಿನೊಳಗೆ ಒಬ್ಬ ತನ್ನ ಸವಾಲು ಹಿಂದೆಗೆದ. ಆಮೇಲೆ ಇನ್ನೊಬ್ಬ. ಮೇಲಿಂದ ಕೆಳಗೆ ಬೆಲೆ ಮೆಟ್ಟಿಲಿಳಿದಂತೆ ಇಳಿಯತೊಡಗಿತು. ಎಲ್ಲರಿಗಿಂತ ಹೆಚ್ಚು ಕೂಗಿದ್ದವನಿಂದ ಒಂದು ಪತ್ರವೂ ಬಂತು. ಬೈಗುಳವಿರಲಿಲ್ಲ. "ಯಾಕೆ ಹೀಗೆ ಮಾಡಿದಿರಿ? ನನಗೆ ಬೇಕಾದದ್ದು ಅದನ್ನು ಬಾರಿಸಿದವನ ಕೈಗುರುತು. ಅದನ್ನೇ ಅಳಿಸಿದ್ದೀರಿ" ಎಂದು ಬರೆದಿದ್ದ. ಇರ್ಫಾನ ಅದನ್ನು ಓದಿ ನನ್ನತ್ತ ನೋಡಲಿಲ್ಲ. ನಾನು ಆ ಗೀರಿನ ಫೋಟೋಗಳನ್ನೆಲ್ಲ ನೆನೆಸಿಕೊಂಡೆ. ಅವರು ಐಬು ತೋರಿಸುತ್ತಿರಲಿಲ್ಲ, ಬೆಲೆ ತೋರಿಸುತ್ತಿದ್ದರು.

ಏಳನೇ ದಿನ ಗಡುವು ಮುಗಿದಾಗ ಒಂದೂ ಸವಾಲು ಉಳಿದಿರಲಿಲ್ಲ. ಮನೆಗೆ ಬಂದರೆ ಕಟ್ಟೆಯ ಮೇಲೆ ಮಾಮಾ! ಮೊದಲ ಬಸ್ಸಿಗೇ ಬಂದಿದ್ದರು. ತೊಡೆಯ ಮೇಲೆ ಮೊಮ್ಮಗಳು, ಅವರ ಅಂಗಿಯ ಗುಂಡಿ ಎಳೆಯುತ್ತ ಏನೋ ಹರಟುತ್ತಿತ್ತು. ಅವರು ಅದರ ತುಟಿಯನ್ನೇ ನೋಡುತ್ತಿದ್ದರು.

"ಏನಾತ್ರಿ ಮಾಸ್ತರ? ತಗೊಂಡ್ರು?"

ಇಲ್ಲ ಎನ್ನಲು ಬಾಯಿ ತೆರೆದೆ. "ತಗೊಂಡ್ರು" ಅಂದೆ.

"ಆಂ?"

"ತಗೊಂಡ್ರು, ಮಾಮಾ!"

"ಯಾರು?"

"ಅಮೇರಿಕಾದವರು!"

ಸುಳ್ಳು ಹೇಳುವುದೇ ಕಷ್ಟ. ಅದನ್ನು ಕಿರುಚಿ ಹೇಳಬೇಕಾಗಿ ಬಂದರೆ ಮನುಷ್ಯನ ಪಾಡು ಯಾರಿಗೂ ಬೇಡ. ಓಣಿಯವರೆಲ್ಲ ಕೇಳಿದರು. ಒಳಗೆ ನನ್ನ ಹೆಂಡತಿಯೂ ಕೇಳಿದಳು. ವಾರ್ನಿಶಿನ ವಾಸನೆ ಆರದ ಗಿಟಾರು ಅಡುಗೆಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿರುವುದು ಅವಳಿಗೆ ಗೊತ್ತಿತ್ತು. ಹೊರಗೆ ಬಂದು ಮಾಮಾಗೆ ಚಹಾ ಕೊಟ್ಟಳು, ಕೂಸಿಗೆ ಬಿಸ್ಕೀಟು ಕೊಟ್ಟಳು. ಅವರು ಹೋದ ಮೇಲೆ ನನ್ನ ಮುಂದೆ ನಿಂತು, "ಹೊಸಾ ಸ್ಕೂಟರಿಗಂತ ಬ್ಯಾಂಕಿನ್ಯಾಗ ಇಟ್ಟದ್ದು ಐತೆಲ್ಲ, ಅದನ್ನ ತಗೀರಿ. ಹಳೇದರ ಮ್ಯಾಲ ಇನ್ನೂ ನಾಕ್ ವರ್ಷ ಅಡ್ಡಾಡ್ಬಹುದು" ಅಂದಳು. ಆ ದಿನ ಅವಳ ಮೇಲೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಅವಳಿಗೂ ಹೇಳಿಲ್ಲ, ನಿಮಗೇ ಮೊದಲು ಹೇಳುತ್ತಿರುವುದು.

ಆ ದುಡ್ಡನ್ನೇ ಗಿಟಾರಿನ ಬೆಲೆಯೆಂದು ಒಯ್ದು ಕೊಟ್ಟೆ. ಮಾಮಾಗೆ ಕಿವಿ ಬಂದವು. ಮಷೀನು ಹಾಕಿಕೊಂಡು ಮಿರಜಿನಿಂದ ಬಂದವರು ನೆಟ್ಟಗೆ ಮೊಮ್ಮಗಳ ಮುಂದೆ ಹೋಗಿ ಕೂತರಂತೆ. ಏನು ಮುತ್ತು ಉದುರೀತೋ ಎಂದು ಮನೆಮಂದಿಯೆಲ್ಲ ಉಸಿರು ಹಿಡಿದಿದ್ದರೆ ಆ ಕೂಸು ಮರಾಠಿಯಲ್ಲಿ, "ಆಜೋಬಾ, ಸರಕಾ ನಾ!" ಅಂತಂತೆ. ಅಜ್ಜ ಟೀವಿಗೆ ಅಡ್ಡ ಕೂತಿದ್ದ, ಅತ್ತ ಸರಿ ಎಂದು ಗದರಿದ್ದು. ಮಾಮಾ ಇದನ್ನು ಊರೆಲ್ಲ ಹೇಳಿಕೊಂಡು ಬಂದರು. ನನಗೆ ಹೇಳುವಾಗ ನಗುತ್ತ ನಗುತ್ತ ಅತ್ತುಬಿಟ್ಟರು. "ಎಷ್ಟ್ ಸ್ಪಷ್ಟ ಬೈದ್ಳರಿ ಮಾಸ್ತರ ನನಗ!" ನಾನೂ ಅತ್ತೆ. ನನ್ನ ಅಳುವಿನಲ್ಲಿ ಬೇರೆಯದೂ ಬೆರೆತಿತ್ತು.

ಕಿವಿ ಬಂದದ್ದೇ ನನಗೆ ಫಜೀತಿ ಶುರುವಾಯಿತು. ಮಾಮಾನ ಕುತೂಹಲ ನನ್ನದಕ್ಕಿಂತ ಒಂದು ಕೈ ಮೇಲು. ಬಂದಾಗೊಮ್ಮೆ ಕೇಳುವರು: "ಆ ಅಮೇರಿಕಾದಾಂವ ಹೆಂಗ ಬಾರಸ್ತಾನ್ರಿ? ಮಲಗಿಸಿಯೋ, ನಿಂದರಿಸಿಯೋ?" ಮಲಗಿಸಿ ಅಂದೆ. "ಏನ್ ಉದ್ಯೋಗ?" ರೇಲ್ವೆ ಎಂದುಬಿಟ್ಟೆ, ಬಾಯಿಗೆ ಬಂದದ್ದು ಅದೇ. ಮಾಮಾ ಹಿಗ್ಗಿಹೋದರು. ಹೀಗೆ ವರ್ಷೊಪ್ಪತ್ತಿನಲ್ಲಿ ಆ ಮನುಷ್ಯನಿಗೆ ಒಬ್ಬಳು ಹೆಂಡತಿ, ಮೊಣಕಾಲು ನೋವು, ಮಾತು ಕೇಳದ ಒಬ್ಬ ಅಳಿಯ, ಎಲ್ಲ ಹುಟ್ಟಿಕೊಂಡವು. ಮರೆಯಬಾರದೆಂದು ನಾನು ಅವನ್ನೆಲ್ಲ ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮಾಮಾ ಬರುವ ದಿನ ಹೆಂಡತಿ ಅಟ್ಟದ ಮೇಲಿನ ಚೀಲಕ್ಕೆ ಇನ್ನೊಂದು ಚಾದರ ಹೊದಿಸುತ್ತಿದ್ದಳು.

ನಾಲ್ಕನೇ ವರ್ಷವಿರಬೇಕು. ನಮ್ಮ ಮಗಳು ಅನಿತಾ ಆಗ ಐದನೇ ಇಯತ್ತೆ. ರವಿವಾರ ಮಧ್ಯಾಹ್ನ ನಾನು ಮಲಗಿದ್ದಾಗ ಅದು ಅಟ್ಟ ಹತ್ತಿ ಗಿಟಾರು ಇಳಿಸಿಕೊಂಡು ಟಿಣ್ ಟಿಣ್ ಅನ್ನಿಸುತ್ತ ಕೂತಿತ್ತು. ಗದರಲೆಂದು ಎದ್ದು ಪಡಸಾಲೆಗೆ ಬಂದರೆ ಬಾಗಿಲ ಹೊರಗೆ ಚಪ್ಪಲಿ ಬಿಡದೆ ನಿಂತ ಮಾಮಾ. ತಲೆ ಸ್ವಲ್ಪ ವಾರೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಕಣ್ಣು ತೆರೆದರು, ನನ್ನನ್ನು ನೋಡಿದರು.

"ಮಾಸ್ತರ, ಆ ಅಮೇರಿಕಾದಾಂವಗ ಒಂದ್ ಪತ್ರ ಹಾಕ್ರಿ" ಅಂದರು. "ಮೂರನೇ ತಂತಿ ಇಳದೈತಿ. ಬಿಗೀ ಮಾಡ್ಕೋ ಅಂತ ಹೇಳ್ರಿ."

ಒಳಗೆ ಬಂದು ಅನಿತಾಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗುಲಾಬಿ ಹೂವನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಮೈತುಂಬ ಮಿಂಚುವ ವಾರ್ನಿಶನ್ನು ನೋಡಿದರು. ಮೂರನೇ ತಂತಿ ಬಿಗಿದರು. ಆಮೇಲಿನ ರವಿವಾರಗಳೆಲ್ಲ ಅವರದು ಮತ್ತು ಅನಿತಾಳದು. ಹೊರಡುವಾಗ ಪ್ರತಿ ಸಲವೂ, "ಆ ಮನಿಷ್ಯಾನ ಮೊಣಕಾಲು ಹೆಂಗದಾವ?" ಎಂದು ಮುಖ ಗಂಭೀರ ಮಾಡಿಕೊಂಡೇ ಕೇಳುತ್ತಿದ್ದರು. ನಾನು ತಲೆ ತಗ್ಗಿಸಿ, "ಸುಧಾರಿಸ್ಯಾವ್ರಿ" ಎನ್ನುತ್ತಿದ್ದೆ.

ಆದರೂ ನನ್ನ ತಪ್ಪನ್ನು ನನ್ನ ಬಾಯಿಂದಲೇ ಹೇಳಬೇಕಿತ್ತು. ಕೇಳದೆ ಬಣ್ಣ ಕೀಳಿಸಿದ್ದು, ಅವರ ನಲವತ್ತು ವರ್ಷದ ಕೈಗುರುತು ಅಳಿಸಿದ್ದು. ಒಂದು ರವಿವಾರ ಧೈರ್ಯ ಮಾಡಿ ಎದುರಿಗೆ ಕೂತೆ. "ಮಾಮಾ, ನಿಮಗೊಂದು ಮಾತು ಹೇಳೂದೈತಿ. ಆವತ್ತು ನಾನು..."

ಮಾಮಾ ಉಕ್ಕಿನ ಕಡ್ಡಿ ಕೆಳಗಿಟ್ಟರು. ಎರಡೂ ಕಿವಿಯಿಂದ ಮಷೀನು ತೆಗೆದು ಜೋಪಾನವಾಗಿ ಕಿಸೆಗೆ ಹಾಕಿದರು. "ಹೇಳ್ರಿ ಮಾಸ್ತರ, ಹೇಳ್ರಿ" ಎನ್ನುತ್ತ ಕಡ್ಡಿ ಎತ್ತಿಕೊಂಡು ಬಾರಿಸತೊಡಗಿದರು. ನಾನು ಹೇಳಿದೆ, ಮೊದಲಿಂದ ಕೊನೆಯತನಕ. ಅವರು ತಲೆದೂಗುತ್ತ ಬಾರಿಸಿದರು. ನಾನು ಮುಗಿಸಿದ ಮೇಲೆ ಅವರೂ ನಿಲ್ಲಿಸಿ, ಮಷೀನು ಕಿವಿಗೆ ಹಾಕಿಕೊಂಡು, "ಚಹಾ ಆತೇನವಾ?" ಎಂದು ನನ್ನ ಹೆಂಡತಿಯನ್ನು ಕೂಗಿದರು.

ಮಾಮಾ ಹೋಗಿ ಮೂರು ವರ್ಷವಾಯಿತು. ಪೇಂಟರ್ ಇನ್ನೂ ಪಕ್ಕದ ಬಾಗಿಲಿಗೆ ಎರಡನೇ ಕೈ ಹೊಡೆಯುತ್ತಿದ್ದಾನೆ. ಇಷ್ಟು ಬರೆಯುವಷ್ಟರಲ್ಲಿ ನಾನೇ ಎದ್ದು ಕಿಡಕಿ ತೆರೆದಿದ್ದೇನೆ. ಕ್ಷಮಿಸಿದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದರೆ ನಾನು ಇಷ್ಟೊತ್ತಿಗೆ ಎಲ್ಲ ಮರೆತುಬಿಡುತ್ತಿದ್ದೆನೇನೋ. ಅಷ್ಟು ಕಷ್ಟಪಟ್ಟು ಪಡೆದ ಕಿವಿಗಳನ್ನು ಆ ಮನುಷ್ಯ ನನಗೋಸ್ಕರ ತೆಗೆದಿಟ್ಟರು.