ಬಟ್ಟಲು ಮುಳುಗುವವರೆಗೆ ನೀರು

ಹಳಿಯಾಳದ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಯುರೋಪಿನವರು ಕಾಲಿಡುವ ಮೊದಲಿನ ಮೊರೊಕ್ಕೊ, ಅಲ್ಜೀರಿಯಾಗಳ ಪಾಠವೆಂದರೆ ಪುಸ್ತಕದಲ್ಲಿ ಬರೀ ಸುಲ್ತಾನರ ಸಾಲು. ಸುಲ್ತಾನರನ್ನು ಉರು ಹೊಡೆಸುವುದು ನನ್ನಿಂದಾಗದ ಕೆಲಸ. ಅಲ್ಲಿನ ಮರಳುಗಾಡಿನ ರೈತರು ಒಂದೇ ಕಾಲುವೆಯ ನೀರನ್ನು ಪಾಳಿಯ ಪ್ರಕಾರ ಹಂಚಿಕೊಳ್ಳುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು ನೀರಲ್ಲಿ ಮುಳುಗಿತೆಂದರೆ ಒಬ್ಬನ ಪಾಳಿ ಮುಗಿದಂತೆ. ಅದನ್ನು ತೋರಿಸಲೆಂದೇ ಈ ವರ್ಷ ಮನೆಯ ಗಳಿಗೆ ಬಟ್ಟಲು ಒಯ್ದೆ. ನಮ್ಮಜ್ಜಿಯ ಮದುವೆಯ ಮುಹೂರ್ತ ಅಳೆದದ್ದು ಇದೇ ಎಂದು ಹೇಳಿ ಬಕೆಟ್ಟಿನ ನೀರಿನ ಮೇಲೆ ತೇಲಿಬಿಟ್ಟೆ.

ಪಾಠ ಅರ್ಧಕ್ಕೆ ಬಂದಾಗ ಬಟ್ಟಲು ಮುಳುಗಿತು. ಹಿಂದಿನ ಬೆಂಚಿನವರು ಒಕ್ಕೊರಲಿನಿಂದ "ಸಾವಧಾನ" ಎಂದರು. ನನ್ನ ತಲೆಯ ಮೇಲೆ ಚಾಕ್‌ಪೀಸ್ ಚೂರುಗಳ ಅಕ್ಷತೆ ಬಿತ್ತು.

"ಲಗ್ನ ಆತು," ಎಂದೆ, ಕೊಡವಿಕೊಳ್ಳುತ್ತ. "ಇನ್ನ ಒಡ್ಡು ಕಟ್ರಿ. ನೀರು ಮುಂದಿನ ಹೊಲಕ್ಕ ಹೊಂಟೈತಿ."

ಮುಂಡಗೋಡ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಬಟ್ಟಲಾ ಕಾಯಾಂವಗ ನಿದ್ದಿ ಹತ್ತಿದ್ರ?"

ಇದಕ್ಕೆ ನನಗೆ ಪುಸ್ತಕ ಬೇಕಿರಲಿಲ್ಲ.

"ಹತ್ತೂದಿಲ್ಲ ಬಿಡವಾ. ಬಾಜೂ ಹೊಲದಾಂವ ಎದುರಿಗೇ ಕುಂತಿರ್ತಾನ."