ಮೈಲಮ್ಮನ ಹಿತ್ತಲ ಮಾಗಳಿ

ಆವರಗೆರೆಯ ಮೈಲಮ್ಮ ಒಮ್ಮೆ ಹಟ ಹಿಡಿದಳೆಂದರೆ ಬಿಡಿಸುವುದು ಕಟ್ಟಿಕೊಂಡ ಗಂಡನಿಂದಲೂ ಆಗುತ್ತಿರಲಿಲ್ಲ. ಊರಾಚೆಯ ಕಲ್ಲುಗುಡ್ಡದಲ್ಲಿ ಮಾಗಳಿ ಬೇರು ಅಗೆದು ದಾವಣಗೆರೆಯ ಮನೆಗಳಿಗೆ ಉಪ್ಪಿನಕಾಯಿಗೆಂದು ಮಾರುವುದು ಅವಳ ಬದುಕು. ಆ ಬಳ್ಳಿ ಸುತ್ತಲ ಸೀಮೆಯಲ್ಲಿ ಇದ್ದದ್ದು ಆ ಗುಡ್ಡದ ಸಂದುಗಳಲ್ಲಿ ಮಾತ್ರ. ಪಕ್ಕದ ಬೇರು ಕಿತ್ತು, ತಾಯಿಬೇರು ಮುಟ್ಟದೆ ಮಣ್ಣು ಮುಚ್ಚಿ ಬರಬೇಕೆಂದು ಅತ್ತೆ ಕಲಿಸಿದ್ದಳು. ಮೈಲಮ್ಮ ಒಂದು ದಿನವೂ ಅದನ್ನು ಮೀರಿದವಳಲ್ಲ.

ಐವತ್ತರ ದಶಕದ ಕೊನೆಗೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆಗಳು ಏಳುತ್ತಿದ್ದವು. ಕಲ್ಲಿಗಾಗಿ ಪಂಚಾಕ್ಷರಪ್ಪ ಸಾವ್ಕಾರ ಗುಡ್ಡವನ್ನೇ ಗುತ್ತಿಗೆ ಹಿಡಿದ.

"ಮೂಡಗಡೆ ಒಂದೀಟು ಬಿಡ್ರಿ ಸಾವ್ಕಾರ್ರೆ, ಬಳ್ಳಿ ಎಲ್ಲಾ ಅಲ್ಲೇ ಐತೆ" ಎಂದು ಮೈಲಮ್ಮ ಕೈಮುಗಿದಳು.

"ಆತು ಬಿಡು" ಎಂದವನು ಮೊದಲು ಮದ್ದು ಇಟ್ಟದ್ದೇ ಮೂಡಗಡೆ. ಅಲ್ಲಿಯ ಕಲ್ಲು ಚೆನ್ನಾಗಿತ್ತಂತೆ. ಅವನ ಮಾತಿಗಿಷ್ಟು ಬೆಂಕಿ ಬೀಳಲಿ.

ಸಿಡಿದ ಬಂಡೆಗಳ ನಡುವೆ ಜೀವವಿದ್ದ ಒಂದೇ ಒಂದು ತಾಯಿಬೇರು ಸಿಕ್ಕಿತು. ತಂದು ಹಿತ್ತಲಲ್ಲಿ ನೆಟ್ಟಳು, ಚಿಗುರಿತು. ದಿನಾ ನೀರು ಹೊಯ್ಯುತ್ತ ಬಳ್ಳಿಯನ್ನು ಮುದ್ದಾಗಿ ಮಾತಾಡಿಸಿ, ಅದೇ ಬಾಯಲ್ಲಿ ಪಂಚಾಕ್ಷರಪ್ಪನಿಗೆ ಶಾಪ ಹಾಕುತ್ತಿದ್ದಳು. ಎಂದಾದರೂ ಅವನು ತನ್ನ ಬಾಗಿಲಿಗೆ ಬಂದು ಬೇಡಬೇಕು, ತಾನು ಇಲ್ಲವೆನ್ನಬೇಕು. ಅವಳಿಗಿದ್ದ ಆಸೆ ಅದೊಂದೇ.

ಎರಡು ಮಳೆಗಾಲ ಕಳೆದ ಮೇಲೆ ಅವನು ಬಂದೇ ಬಂದ. ಅವನ ತಾಯಿ ಅನ್ನಪೂರ್ಣಮ್ಮ ವರ್ಷಗಟ್ಟಲೆ ಮೈಲಮ್ಮನಿಂದಲೇ ಬೇರು ಕೊಂಡವಳು, ಈಗ ಹಾಸಿಗೆ ಹಿಡಿದಿದ್ದಳು.

"ನಿನ್ನ ಹಿತ್ತಲ ಮಾಗಳಿ ಸಲುವಾಗಿ ಅವ್ವ ಕಳಿಸ್ಯಾಳೆ, ಮೈಲಮ್ಮ" ಎಂದ, ತಲೆ ತಗ್ಗಿಸಿ.

"ಹೌದಾ? ಬರ್ರಿ, ಕೊಡ್ತೀನಿ."

ಹಿತ್ತಲಿಗೆ ಕರೆದೊಯ್ದು ಗುದ್ದಲಿಯಿಂದ ಬಳ್ಳಿಯನ್ನು ಬುಡಸಮೇತ ಎಬ್ಬಿಸಿದಳು. ಅವನು "ತಡಿ, ತಡಿ" ಎನ್ನುತ್ತಿದ್ದಂತೆಯೇ ಮಚ್ಚು ತೆಗೆದು ತಾಯಿಬೇರನ್ನು ಚೂರುಚೂರು ಕೊಚ್ಚಿ ತಿಪ್ಪೆಗೆ ಎಸೆದಳು. ಬೇರಿನ ಘಮ ಹಿತ್ತಲೆಲ್ಲ ಹರಡಿತು. ಎರಡು ವರ್ಷದಲ್ಲಿ ಅಷ್ಟು ಹಾಯಾಗಿ ಅವಳು ಉಸಿರಾಡಿರಲಿಲ್ಲ.

"ಹೋಗಿ ನಿಮ್ಮವ್ವಗೆ ಹೇಳ್ರಿ, ಗುಡ್ಡದ ಸಂಗಡ ಇದೂ ಹೋತು ಅಂತ."

ಪಂಚಾಕ್ಷರಪ್ಪ ತಿಪ್ಪೆಯನ್ನೇ ನೋಡುತ್ತ ನಿಂತ.

"ತಿನ್ನಾಕೆ ಕೇಳಿರಲಿಲ್ಲ ಅವ್ವ" ಎಂದ. "ಕುಕ್ಕುವಾಡದಾಗ ನಮ್ಮದೊಂದು ಕಲ್ಲುದಿಬ್ಬ ಐತೆ. ಅದನ್ನ ಮೈಲಮ್ಮಗೆ ಬರೆದುಕೊಡು, ಆ ಬಳ್ಳಿ ಅಲ್ಲಿ ಹಬ್ಬಿಸ್ಲಿ ಅಂದಿದ್ಲು."

ಸಾಯುವವರೆಗೂ ಮೈಲಮ್ಮ ಅವನನ್ನು ಕ್ಷಮಿಸಲಿಲ್ಲ. ಗುಡ್ಡ ಒಡೆದದ್ದಕ್ಕಿಂತ ಹೆಚ್ಚಾಗಿ, ಆ ಮಾತನ್ನು ಬಾಗಿಲಲ್ಲೇ ಹೇಳದೆ ಹೋದದ್ದಕ್ಕೆ.