ಅದುರುವ ಪೆಟ್ಟಿಗೆ

ಹೋದ ವಾರ ದೇವರಮನೆ ಕಡೆಯ ಒಂದು ಹೋಂಸ್ಟೇಯವರು ಹಳೆಯ ಸ್ಪೀಕರ್ ಪೆಟ್ಟಿಗೆಯೊಂದನ್ನು ತಂದು ನನ್ನ ಅಂಗಡಿಯಲ್ಲಿ ಇಳಿಸಿದರು. ಒಳಗಿನದನ್ನೆಲ್ಲ ಕಿತ್ತು ಬ್ಲೂಟೂತ್ ಸ್ಪೀಕರ್ ಕೂರಿಸಬೇಕಂತೆ. ನೋಡಲು ಹಳೆಯದು ಬೇಕು, ಕೇಳಲು ಹೊಸದು ಬೇಕು. ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದೆ. ಮುಗ್ಗಲು ಹಿಡಿದ ಕಾಗದ, ಹಳೇ ಅಂಟು, ನುಸಿಗುಳಿಗೆ, ಮೂರೂ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಸ್ಕ್ರೂಡ್ರೈವರ್ ಬಿಸಾಕಿ ರಸ್ತೆಗೆ ಬಂದು ನಿಂತೆ. ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಆ ದಿನ ಕೆಲಸ ಆಗಲಿಲ್ಲ.

ಅದು ರೈಟ್ರ ಮನೆಯ ವಾಸನೆ.

ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗಿನ ಕಾಫಿ ಎಸ್ಟೇಟಿನಲ್ಲಿ ಅವರು ರೈಟರಾಗಿದ್ದರು. ಆಳುಗಳ ಕೆಲಸ, ಕೊಯ್ಲು, ಒಣಗಿಸುವುದು ಎಲ್ಲದರ ಉಸ್ತುವಾರಿ ಅವರದು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಗಷ್ಟೇ ಟಿವಿ, ಸ್ಪೀಕರ್ ಫಿಟ್ ಮಾಡುವ ಅಂಗಡಿ ಹಾಕಿದ್ದೆ. ಟಿವಿ ಕೆಳಗೆ ಗೋಡೆಗೆ ಕೂರಿಸುವ ಉದ್ದನೆಯ ತೆಳು ಸ್ಪೀಕರ್ ಬೇಕು ಎಂದು ರೈಟ್ರ ಹೆಂಡತಿ, ನಾವೆಲ್ಲ ಅಮ್ಮ ಅನ್ನುವವರು, ಹೇಳಿ ಕಳಿಸಿದ್ದರು.

ಹೋಗಿ ನೋಡಿದರೆ ಹಾಲಿನಲ್ಲಿ ಸೊಂಟದೆತ್ತರದ ಎರಡು ಮರದ ಪೆಟ್ಟಿಗೆ. ಮುಂದೆ ಬಟ್ಟೆ, ಒಳಗೆ ತಟ್ಟೆಯಗಲದ ಕಾಗದದ ಕೋನ್.

"ಈ ಎರಡು ಭತ್ತದ ಪತ್ತಾಯ ಮೊದ್ಲು ಹೊರಗೆ ಹಾಕು ಮಾರಾಯ. ಸುತ್ತ ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು" ಅಂದರು ಅಮ್ಮ.

ಹಳೆಯದು ಹೊಸದು ಎರಡರಲ್ಲೂ ಒಂದೇ ಭಜನೆ ಹಾಕಿ ತೋರಿಸಿದೆ. ಅದು ನನ್ನ ವ್ಯಾಪಾರದ ರೀತಿ. ಹಳೆಯದರಲ್ಲಿ ಹಾಡು ಗುಂಯ್ ಎಂದು ದಪ್ಪಗೆ ಬಂತು. ಪೆಟ್ಟಿಗೆಯೇ ಅದುರಿ ಮೇಲಿಟ್ಟ ಸ್ಟೀಲ್ ಲೋಟ ತುದಿಗೆ ಸರಿಯಿತು. ನಮ್ಮ ಕೆಲಸದಲ್ಲಿ ಇದು ದೋಷ. ಈಗಿನ ಪೆಟ್ಟಿಗೆ ಅದುರಬಾರದು, ಶಬ್ದ ಮಾತ್ರ ಬರಬೇಕು. ಹೊಸದರಲ್ಲಿ ತಬಲದ ಮೇಲೆ ಬೆರಳು ಬಿದ್ದದ್ದೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

ರೈಟ್ರು ಹಳೇ ಪೆಟ್ಟಿಗೆಗೆ ಬೆನ್ನು ಕೊಟ್ಟು, ಹಲಗೆಯ ನೆಲಕ್ಕೆ ಬರಿಗಾಲು ಊರಿ ಕೂತಿದ್ದರು.

"ಹೊಸದು ಶುರು ಮಾಡು ಮಾರಾಯ, ನೋಡುವ" ಅಂದರು.

ಹೊಸದು ಶುರುವಾಗಿ ಅರ್ಧ ಹಾಡು ಮುಗಿದಿತ್ತು.

ಅಮ್ಮ ನಕ್ಕುಬಿಟ್ಟರು. "ಇವ್ರಿಗೆ ಬೇಡದ್ದು ಕಿವಿಗೇ ಹೋಗೋದಿಲ್ಲ. ಅಡುಗೆಮನೆಯಿಂದ ನಾನು ಎಷ್ಟು ಕೂಗಿದ್ರೂ ಒಂದಿನ ಓ ಅಂದೋರಲ್ಲ."

ನಾನೂ ನಕ್ಕೆ. ಹಳಬರ ಹಟ ಅಂದುಕೊಂಡೆ. ಪೆಟ್ಟಿಗೆಗಳನ್ನು ಜೀಪಿಗೆ ಏರಿಸುವಾಗ ರೈಟ್ರು ಒಂದರ ಮೇಲೆ ಕೈಯಿಟ್ಟುಕೊಂಡು ಗೇಟಿನವರೆಗೂ ಬಂದರು. "ಜೋಪಾನ" ಅಂದರು, ಅಷ್ಟೇ. ಮಾರನೇ ದಿನ ನಾನು ಎರಡರ ಕೋನನ್ನೂ ಹರಿದು ತೆಗೆದೆ. ಹಲಗೆ ಬಿಚ್ಚಿ ಅಂಗಡಿಗೆ ಶೆಲ್ಫ್ ಮಾಡಿಕೊಂಡೆ.

ಹದಿನೈದು ದಿನಕ್ಕೆ ರೈಟ್ರು ಆಳಿನ ಕೈಲಿ ಹೇಳಿ ಕಳಿಸಿದರು. ಹೊಸದರಲ್ಲಿ ಶಬ್ದ ಬರುತ್ತಿಲ್ಲ. ಹೋಗಿ ನೋಡಿದರೆ ಸರಿಯಾಗಿಯೇ ಇತ್ತು. ಮತ್ತೊಮ್ಮೆ ಕರೆದರು, ಮತ್ತೆ ಸರಿಯಾಗಿಯೇ ಇತ್ತು. ಮೂರನೇ ಸಲ ನನಗೆ ತಲೆಕೆಟ್ಟಿತು. ಮನೆಗೆ ಹೋಗದೆ ನೇರ ಕಾಫಿ ಒಣಗಿಸುವ ಕಣಕ್ಕೆ ಹೋದೆ. ಅವರು ಆ ಕಡೆ ತಿರುಗಿ ನಿಂತಿದ್ದರು.

"ರೈಟ್ರೆ, ಸ್ಪೀಕರ್ ಸರಿ ಇದೆ. ನೀವು ಹೋಗಿ ಕಿವಿ ತೊಳ್ಕೊಳ್ಳಿ" ಅಂತ ಬೆನ್ನ ಹಿಂದಿನಿಂದಲೇ ಅಂದೆ.

ತಿರುಗಲಿಲ್ಲ. ಇನ್ನೂ ಜೋರಾಗಿ ಅಂದೆ. ಆಗಲೂ ಇಲ್ಲ.

ಕಾಫಿ ಹಣ್ಣು ಸಿಪ್ಪೆ ಸಮೇತ ಒಣಗಿದ ಮೇಲೆ ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ, ಮೂಟೆ ಕಟ್ಟಬಹುದು. ಹಸಿ ಇರುವಾಗ ಕಟ್ಟಿದರೆ ಮೂಟೆಯೇ ಬೂಸ್ಟು. ತೇವ ಅಳೆಯುವ ಮೀಟರ್ ಆ ಎಸ್ಟೇಟಿನಲ್ಲೂ ಇತ್ತು. ಆದರೆ ಎಸ್ಟೇಟಿನ ಗೌಡ್ರಿಗೆ ಅದಕ್ಕಿಂತ ರೈಟ್ರ ಕಿವಿಯ ಮೇಲೆ ನಂಬಿಕೆ. ರೈಟ್ರು ಮುಷ್ಟಿ ಅಲ್ಲಾಡಿಸುತ್ತಿದ್ದರು. ನಿಲ್ಲಿಸಿ ಮತ್ತೆ ಅಲ್ಲಾಡಿಸಿದರು. ಆಮೇಲೆ ನನ್ನನ್ನು ಕಂಡು ಬೆಚ್ಚಿದರು. ಆ ಮುಷ್ಟಿಯನ್ನು ನನ್ನ ಕಿವಿಗೆ ಹಿಡಿದರು.

"ಗಲಗಲ ಅಂತದಾ?"

"ಅಂತದೆ. ಸ್ವಲ್ಪ ಮಂಕು."

ನನ್ನ ತುಟಿಯನ್ನೇ ನೋಡುತ್ತಿದ್ದರು. ಮೊದಲಿಂದಲೂ ಹಾಗೇ ನೋಡುತ್ತಿದ್ದರು... ನಾನು ಅದನ್ನು ಗೌರವ ಅಂದುಕೊಂಡಿದ್ದೆ.

"ಇನ್ನೆರಡು ದಿನ ಹರವಿ" ಎಂದು ಆಳುಗಳಿಗೆ ಕೂಗಿ, ನನ್ನನ್ನು ಗೋಡೌನ್ ಪಕ್ಕಕ್ಕೆ ಕರೆದುಕೊಂಡು ಹೋದರು.

"ಎರಡು ಮಳೆಗಾಲ ಆಯ್ತು. ಸಣ್ಣ ಶಬ್ದ ಯಾವುದೂ ಇಲ್ಲ. ಗೌಡ್ರಿಗೆ ಗೊತ್ತಾದ್ರೆ ಬೇರೆ ರೈಟ್ರು ಬರ್ತಾರೆ, ನಾವು ಕ್ವಾರ್ಟ್ರಸ್ ಖಾಲಿ ಮಾಡ್ಬೇಕು."

"ಅಮ್ಮಂಗೆ ಹೇಳಿದ್ದೀರಾ?"

"ಅವ್ಳಿಗೆ ಹೇಳೋದೂ ಒಂದೇ, ಮೈಕ್ ಕಟ್ಟಿ ಸಾರೋದೂ ಒಂದೇ. ನೀನೂ ಬಾಯಿ ಬಿಡ್ಬೇಡ." ಗೋಡೌನ್ ಗೋಡೆಗೆ ಬೆನ್ನು ಕೊಟ್ಟು ಅಂದರು, "ಆ ಹಳೇ ಪೆಟ್ಟಿಗೆ ತಂದ್ಕೊಡು ಮಾರಾಯ. ಅದು ನಂಗೆ ಬೆನ್ನಿಗೆ ಕೇಳ್ತದೆ. ಯಾವ ಹಾಡು ಅಂತ ಅಂಗಾಲಿಗೆ ಗೊತ್ತಾಗ್ತದೆ."

"ತರ್ತೀನಿ" ಅಂದುಬಿಟ್ಟೆ.

ಎಲ್ಲಿಂದ ತರುವುದು? ಚಿಕ್ಕಮಗಳೂರು, ಮೂಡಿಗೆರೆ ಎಲ್ಲ ಸುತ್ತಿದೆ, ಅಂಥ ಕೋನ್ ಎಲ್ಲೂ ಸಿಗಲಿಲ್ಲ. ಶೆಲ್ಫಿನ ಹಲಗೆ ಕಿತ್ತು ಪೆಟ್ಟಿಗೆ ಕಟ್ಟಿ ಒಳಗೆ ಹೊಸ ಸ್ಪೀಕರ್ ಕೂರಿಸಿದೆ. ಬೆನ್ನು ಕೊಟ್ಟು ಕೂತು ನೋಡಿದೆ. ಶಬ್ದ ಚೊಕ್ಕವಾಗಿ ಬರುತ್ತಿತ್ತು, ಹಲಗೆ ಮಾತ್ರ ಹೆಣದ ಹಾಗೆ ತಣ್ಣಗಿತ್ತು. ಮೂರು ಸಲ ಬಿಚ್ಚಿ ಕಟ್ಟಿದೆ. ಆಗಲಿಲ್ಲ.

ಬದಲಿಗೆ ಆ ಕೊಯ್ಲು ಮುಗಿಯುವವರೆಗೆ ಎರಡು ಮೂರು ದಿನಕ್ಕೊಮ್ಮೆ ಏನಾದರೂ ನೆಪ ಹೇಳಿ ಕಣಕ್ಕೆ ಹೋಗುತ್ತಿದ್ದೆ. ಅವರು ಮುಷ್ಟಿ ಹಿಡಿಯುತ್ತಿದ್ದರು, ನಾನು ಹೂಂ ಅಥವಾ ಉಹೂಂ ಎಂದು ತಲೆ ಆಡಿಸುತ್ತಿದ್ದೆ. ಒಂದು ಮೂಟೆಯೂ ಕೆಡಲಿಲ್ಲ. ಪೆಟ್ಟಿಗೆ ಏನಾಯ್ತು ಎಂದು ಅವರು ಎರಡು ಸಲ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಅದು ಬೈದದ್ದಕ್ಕಿಂತ ಕಷ್ಟವಾಗಿತ್ತು.

ಆ ವರ್ಷ ಮಳೆಗೆ ಮುಂಚೆ ರೈಟ್ರು ಕೆಲಸ ಬಿಟ್ಟು ಕಳಸದ ಹತ್ತಿರ ಮನೆ ಮಾಡಿದರು. ಬಾ ಅಂತ ಕರೆದಿದ್ದರು. ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಹೋಗಲಿಲ್ಲ. ಹೋದ ವರ್ಷ ತೀರಿಕೊಂಡರು ಎಂದು ಯಾರೋ ಹೇಳಿದರು. ಆಗಲೂ ಹೋಗಲಿಲ್ಲ...

ಹೋದ ವಾರ ಈ ವಾಸನೆ ಮೂಗಿಗೆ ಬಡಿದ ಮೇಲೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಭಾನುವಾರ ಬೈಕ್ ಹತ್ತಿ ಕಳಸದ ಕಡೆ ಹೋದೆ. ಅಮ್ಮ ಒಬ್ಬರೇ ಜಗಲಿಯಲ್ಲಿ ಕೂತಿದ್ದರು. ಗುರುತು ಹಿಡಿದು ಕಾಫಿ ಕೊಟ್ಟರು.

"ಅವ್ರಿಗೆ ಕಿವಿ ಇರ್ಲಿಲ್ಲ ಅಂತೆ ಮಾರಾಯ. ಆಸ್ಪತ್ರೆಗೆ ಹಾಕ್ದಾಗ ಡಾಕ್ಟ್ರು ಹೇಳಿದ್ರು. ಎಷ್ಟೋ ವರ್ಷದಿಂದ ಹಂಗೇ ಅಂತೆ. ನನ್ನ ಮಾತು ಅಂದ್ರೆ ಅಸಡ್ಡೆ ಅಂತ್ಲೇ ತಿಳ್ಕೊಂಡಿದ್ದೆ. ಕೊನೇ ವರ್ಷ ಮಾತೇ ಬಿಟ್ಟಿದ್ದೆ ನಾನು." ನನ್ನ ಮುಖ ನೋಡಿದರು. "ನಿಂಗೆ ಗೊತ್ತಿತ್ತಾ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ನನಗೆ ಹೊಸದಲ್ಲ.

"ಗೊತ್ತಿತ್ತಮ್ಮ."

ಅವರು ಬೈಯಲಿಲ್ಲ. ಲೋಟ ತೆಗೆದುಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು, ನನಗಲ್ಲ, ಒಳಗಿನ ಖಾಲಿ ಕೋಣೆಗೆ ಹೇಳಿದ ಹಾಗೆ ಅಂದರು:

"ಹಂಗಾದ್ರೆ ಗೊತ್ತಿಲ್ದೇ ಇದ್ದೋಳು ನಾನೊಬ್ಳೇ."